ಹೊಳೆಯೊಡನೆ ಹೊರಟ ಮಣ್ಣು

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 33 ಗೇಟುಗಳಲ್ಲಿ 19ನೆಯದರ ಸರಪಳಿ ತುಂಡಾಗಿ ಗೇಟು ಹೊಳೆಯ ಪಾಲಾಯಿತು. ತುಂಬಿ ನಿಂತಿದ್ದ ಜಲಾಶಯದಿಂದ ನೀರು ಹಗಲಿರುಳೆನ್ನದೆ ಹರಿದುಹೋಗುತ್ತಿದ್ದುದನ್ನು ಕಂಡು ಕೊಪ್ಪಳ, ರಾಯಚೂರು, ಬಳ್ಳಾರಿ, ವಿಜಯನಗರ ಜಿಲ್ಲೆಗಳ ರೈತರು ಎದೆಯ ಮೇಲೆ ಕೈಯಿಟ್ಟುಕೊಂಡು ಕುಳಿತರು. ಎಷ್ಟು ನೀರು ಹೋಯಿತು, ಎಷ್ಟು ಉಳಿಯಿತು ಎಂಬ ಲೆಕ್ಕ ಪತ್ರಿಕೆಗಳಲ್ಲಿ ದಿನವೂ ಬರುತ್ತಿತ್ತು. ಒಂದು ವಾರದೊಳಗೆ ತಾತ್ಕಾಲಿಕ ಗೇಟನ್ನು ಇಳಿಸಿ ನೀರನ್ನು ತಡೆದ ಕೆಲಸಗಾರರನ್ನು ನಾಡು ಮೆಚ್ಚಿಕೊಂಡಿತು. ಮೆಚ್ಚತಕ್ಕ ಕೆಲಸವೇ ಅದು.

ಆದರೆ ಅದೇ ಜಲಾಶಯದಲ್ಲಿ ಇದಕ್ಕಿಂತ ಶಾಶ್ವತವಾದ ನಷ್ಟವೊಂದು ಸದ್ದಿಲ್ಲದೆ ನಡೆಯುತ್ತ ಬಂದಿದೆ. 1953ರಲ್ಲಿ ಅಣೆಕಟ್ಟು ಮುಗಿದಾಗ ಅದು ಹಿಡಿಯಬಲ್ಲ ನೀರು ಸುಮಾರು 133 ಟಿಎಂಸಿ ಎಂದು ಲೆಕ್ಕ ಹಾಕಿದ್ದರು. ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ. 2016ರ ಅಳತೆಯ ಪ್ರಕಾರ ಅದು ಹಿಡಿಯುವುದು ಸುಮಾರು 105.8 ಟಿಎಂಸಿ ಮಾತ್ರ. ಉಳಿದ 27 ಟಿಎಂಸಿ ಜಾಗದಲ್ಲಿ ನೀರಿಲ್ಲ, ಮಣ್ಣಿದೆ. ಗೇಟು ಮುರಿದು ಹೋದ ನೀರು ಮುಂದಿನ ಮಳೆಗಾಲದಲ್ಲಿ ಮತ್ತೆ ಬಂದೀತು. ಮಣ್ಣು ಆಕ್ರಮಿಸಿದ ಜಾಗ ಹಾಗೆ ಮರಳಿ ಬರುವುದಿಲ್ಲ. ಮೊದಲನೆಯದಕ್ಕೆ ನಾಡೆಲ್ಲ ಎಚ್ಚತ್ತಿತು. ಎರಡನೆಯದಕ್ಕೆ ಇನ್ನೂ ನಿದ್ದೆಯಲ್ಲಿದೆ. ಈ ನಿದ್ದೆಗೆ ಕಾರಣ, ನದಿಯೆಂದರೆ ನೀರು ಮಾತ್ರ ಎಂಬ ನಮ್ಮ ತಪ್ಪು ತಿಳಿವಳಿಕೆ ಎಂಬುದು ನನ್ನ ಎಣಿಕೆ.

ಕನ್ನಡ ಪಾಠ ಹೇಳುವವನಿಗೆ ಈ ಗೊಡವೆಯೇಕೆ ಎಂದು ವಾಚಕರು ಕೇಳಬಹುದು. ನಾನು ಪಾಠ ಹೇಳುವ ಊರು ಅಣೆಕಟ್ಟಿಗಿಂತ ಮೇಲೆ, ತುಂಗಭದ್ರೆಯ ದಡದಲ್ಲಿದೆ. ಕಾಲೇಜಿಗೆ ಹೋಗುವ ದಾರಿಯಲ್ಲಿ ಸೇತುವೆ ಸಿಗುತ್ತದೆ. ಆಷಾಢದಲ್ಲಿ ಮಲೆನಾಡಿನ ಹೊಸ ನೀರು ಇಳಿದುಬಂದಾಗ ಹೊಳೆ ಕೆಮ್ಮಣ್ಣಿನ ಬಣ್ಣಕ್ಕೆ ತಿರುಗುತ್ತದೆ. ಒಂದು ವರ್ಷ ಅಂಥ ನೀರನ್ನು ದೊಡ್ಡ ಗಾಜಿನ ಜಾಡಿಯಲ್ಲಿ ತುಂಬಿ ಅಧ್ಯಾಪಕರ ಕೊಠಡಿಯ ಮೇಜಿನ ಮೇಲಿಟ್ಟೆ. ಹಾಗೆ ಮಾಡಿದ್ದಕ್ಕೆ ದೊಡ್ಡ ಉದ್ದೇಶವೇನೂ ಇರಲಿಲ್ಲ. ನೀರು ಎಷ್ಟು ಹೊತ್ತಿಗೆ ತಿಳಿಯಾಗುತ್ತದೆಂದು ನೋಡುವ ಕುತೂಹಲ ಅಷ್ಟೆ.

ಜಾಡಿಯನ್ನು ಮೇಜಿನ ಮೇಲಿಡುವಷ್ಟರಲ್ಲೇ ತಳದಲ್ಲಿ ಮರಳಿನ ಒಂದು ಗೆರೆ ಕೂತಿತ್ತು. ಒಂದು ತರಗತಿ ಮುಗಿಸಿ ಬರುವಾಗ ಅದರ ಮೇಲೆ ಇನ್ನೂ ನುಣುಪಾದ ಒಂದು ಪದರ ಬಂದಿತ್ತು. ಸಂಜೆಯ ಹೊತ್ತಿಗೆ ಆ ಪದರ ದಪ್ಪವಾಯಿತು. ಆದರೆ ಮೇಲಿನ ನೀರು ಮಾತ್ರ ಬಗ್ಗಡವಾಗಿಯೇ ಉಳಿಯಿತು. ಮರುದಿನವೂ ಹಾಗೆಯೇ, ಮೂರನೆಯ ದಿನವೂ ಹಾಗೆಯೇ. ನಾಲ್ಕನೆಯ ದಿನ ಕೊಠಡಿ ಗುಡಿಸುವಾತ ಬಂದು, “ಈ ರಾಡಿ ನೀರು ಚೆಲ್ಲಿಬಿಡ್ಲೇನ್ರಿ ಸರ?” ಎಂದ. ಇನ್ನೆರಡು ದಿನ ಇರಲೆಂದೆ. ಭೌತಶಾಸ್ತ್ರದ ಗೆಳೆಯರು ನಕ್ಕು, “ಏನು ಮೇಷ್ಟ್ರೇ, ಕಾವ್ಯ ಬಿಟ್ಟು ಕೆಸರಿಗೆ ಇಳಿದಿರಾ?” ಎಂದರು. ಆಮೇಲೆ ಕುರ್ಚಿ ಎಳೆದುಕೊಂಡು ಕೂತು ಅವರೇ ನನಗೆ ಪಾಠ ಹೇಳಿದರು. ಕೆಳಗೆ ಬರೆಯುವುದರಲ್ಲಿ ವಿಜ್ಞಾನವೆಷ್ಟಿದೆಯೋ ಅಷ್ಟೂ ಅವರ ಮಾತಿನಿಂದಲೂ ಅವರು ಓದಿಸಿದ ಪುಸ್ತಕಗಳಿಂದಲೂ ಬಂದದ್ದು.

ನಿಂತ ನೀರಿನಲ್ಲಿ ಕಣವೊಂದು ಎಷ್ಟು ಬೇಗ ತಳ ಸೇರುತ್ತದೆಂಬುದು ಅದರ ಗಾತ್ರವನ್ನು ಅವಲಂಬಿಸಿದೆ. ಸಣ್ಣ ಕಣಗಳ ವಿಷಯದಲ್ಲಿ ಇದರ ನಿಯಮವನ್ನು 1851ರಲ್ಲಿ ಸ್ಟೋಕ್ಸ್ ಎಂಬ ವಿದ್ವಾಂಸರು ಕಂಡುಹಿಡಿದರು. ಕಣದ ಅಡ್ಡಳತೆ ಅರ್ಧವಾದರೆ ಇಳಿಯುವ ವೇಗ ಅರ್ಧವಾಗುವುದಿಲ್ಲ, ಕಾಲು ಭಾಗವಾಗುತ್ತದೆ. ಒಂದು ಮಿಲಿಮೀಟರಿನ ಹತ್ತನೆಯ ಒಂದು ಪಾಲಿನಷ್ಟಿರುವ ನಯವಾದ ಮರಳು ಒಂದು ಮೀಟರ್ ಆಳ ಇಳಿಯಲು ಸುಮಾರು ಎರಡು ನಿಮಿಷ ಸಾಕು. ಅದರ ಹತ್ತನೆಯ ಒಂದು ಪಾಲಿನ ಗೋಡಿಗೆ ಸುಮಾರು ಮೂರು ಗಂಟೆ ಬೇಕು. ಅದಕ್ಕೂ ಹತ್ತು ಪಾಲು ಸಣ್ಣದಾದ ಜೇಡಿಕಣಕ್ಕೆ ಹದಿಮೂರು ದಿನಗಳೇ ಬೇಕು. ಜಾಡಿಯ ನೀರು ನಾಲ್ಕು ದಿನವಾದರೂ ಏಕೆ ತಿಳಿಯಾಗಲಿಲ್ಲವೆಂಬುದು ಆಗ ನನಗೆ ಅರ್ಥವಾಯಿತು. ಇದು ನಿಂತ ನೀರಿನ ಮಾತು. ಹರಿಯುವ ಹೊಳೆಯಲ್ಲಿ ನೀರು ಸದಾ ಸುಳಿಸುಳಿಯಾಗಿ ಮೇಲೆ ಕೆಳಗೆ ಹೊರಳುತ್ತಿರುವುದರಿಂದ, ಇಳಿಯುವ ಕಣವನ್ನು ಅದು ಮತ್ತೆ ಮತ್ತೆ ಮೇಲಕ್ಕೆತ್ತುತ್ತಲೇ ಇರುತ್ತದೆ.

ಹೀಗಾಗಿ ಹೊಳೆಯಲ್ಲಿ ಎಲ್ಲ ಮಣ್ಣೂ ಒಂದೇ ರೀತಿಯಲ್ಲಿ ಪಯಣ ಮಾಡುವುದಿಲ್ಲ. ಗುಂಡುಕಲ್ಲು, ಗರಸು ಮೊದಲಾದ ಭಾರದ ಮಂದಿ ತಳದಲ್ಲಿಯೇ ಉರುಳುತ್ತ, ಜಾರುತ್ತ, ದೊಡ್ಡ ಪ್ರವಾಹ ಬಂದಾಗ ಮಾತ್ರ ನಾಲ್ಕು ಹೆಜ್ಜೆ ಮುಂದೆ ಹೋಗುತ್ತವೆ. ಮರಳು ಕುಪ್ಪಳಿಸುತ್ತದೆ: ತಳದಿಂದ ಎದ್ದು, ನೀರಿನೊಡನೆ ಸ್ವಲ್ಪ ದೂರ ಹೋಗಿ ಬಿದ್ದು, ಬಿದ್ದಲ್ಲಿ ಮತ್ತೊಂದು ಕಣವನ್ನು ತಟ್ಟಿ ಎಬ್ಬಿಸುತ್ತದೆ. ಗೋಡೂ ಜೇಡಿಯೂ ತಳವನ್ನು ಮುಟ್ಟದೆಯೇ ನೀರಿನ ಮೈಯಲ್ಲಿ ತೇಲಿಹೋಗುತ್ತವೆ. ಹೊಳೆಗೆ ಬಣ್ಣ ಕೊಡುವುದು ಈ ಕೊನೆಯ ವರ್ಗ. ನಾವು ಸೇತುವೆಯ ಮೇಲೆ ನಿಂತು ಕಾಣುವುದು ಅದನ್ನು ಮಾತ್ರ. ತಳದಲ್ಲಿ ನಡೆಯುವ ಮೆರವಣಿಗೆ ನಮಗೆ ಕಾಣಿಸುವುದೇ ಇಲ್ಲ.

ಪ್ರವಾಹದ ಶಕ್ತಿ ಎಷ್ಟೆಂಬುದನ್ನು ಹತ್ತೊಂಬತ್ತನೆಯ ಶತಮಾನದಲ್ಲಿ ಕೇಂಬ್ರಿಜ್ಜಿನ ಗಣಿತಜ್ಞ ವಿಲಿಯಂ ಹಾಪ್ಕಿನ್ಸ್ ಲೆಕ್ಕ ಹಾಕಿ ತೋರಿಸಿದರು. ನೀರಿನ ವೇಗ ಎರಡರಷ್ಟಾದರೆ ಅದು ಅಲುಗಿಸಬಲ್ಲ ಕಲ್ಲಿನ ತೂಕ ಎರಡರಷ್ಟಲ್ಲ, 64ರಷ್ಟು ಆಗಬಹುದು. ವರ್ಷವೆಲ್ಲ ಬಂಡೆಗಳ ನಡುವೆ ಮೆಲ್ಲನೆ ಹರಿದ ಹಳ್ಳ ಒಂದೇ ರಾತ್ರಿಯ ಮಳೆಗೆ ಮೋರಿಯನ್ನು ಕಿತ್ತೊಯ್ಯುವುದು ಈ ಕಾರಣದಿಂದ. ನದಿ ಸಾಗಿಸುವ ಮಣ್ಣಿನ ಬಹುಪಾಲು ವರ್ಷದ ಕೆಲವೇ ದಿನಗಳ ನೆರೆಯಲ್ಲಿ ಸಾಗಿಹೋಗುತ್ತದೆ. ಉಳಿದ ದಿನಗಳಲ್ಲಿ ಮರಳು ಮಲಗಿರುತ್ತದೆ. ವಿಶ್ವವಿಖ್ಯಾತ ವಿಜ್ಞಾನಿ ಐನ್‌ಸ್ಟೈನರ ಮಗ ಹಾನ್ಸ್ ಆಲ್ಬರ್ಟ್ ಐನ್‌ಸ್ಟೈನ್ ತಮ್ಮ ಬಾಳನ್ನು ಈ ಒಂದು ವಿಷಯಕ್ಕೇ ಮುಡಿಪಿಟ್ಟವರು. 1937ರಲ್ಲಿ ಜ್ಯೂರಿಕ್ಕಿನಲ್ಲಿ ಬರೆದ ಪ್ರಬಂಧದಲ್ಲಿ ಅವರು, ತಳದ ಕಣವೊಂದರ ಪಯಣವೆಂದರೆ ಸಣ್ಣ ಸಣ್ಣ ಹೆಜ್ಜೆಗಳು ಮತ್ತು ಅವುಗಳ ನಡುವಿನ ದೀರ್ಘ ವಿಶ್ರಾಂತಿಗಳು. ಒಂದು ಕಣ ಯಾವಾಗ ಏಳುತ್ತದೆಂದು ಹೇಳಲಾಗದು, ಅದರ ಸಂಭವವನ್ನು ಮಾತ್ರ ಗಣಿಸಬಹುದು ಎಂಬ ವಿಚಾರವನ್ನು ಮುಂದಿಟ್ಟರು.

ಇವೆಲ್ಲಕ್ಕಿಂತ ನನ್ನ ಮನಸ್ಸಿನಲ್ಲಿ ನಾಟಿದ್ದು ಇನ್ನೊಂದು ಸಂಗತಿ. ಕಣ ಸಣ್ಣದಾದಷ್ಟೂ ಅದನ್ನು ಎಬ್ಬಿಸುವುದು ಸುಲಭವೆಂದು ನಾವು ಎಣಿಸುತ್ತೇವೆ. ಸ್ವೀಡನ್ ದೇಶದ ಯುಲ್‌ಸ್ಟ್ರಮ್ ಎಂಬ ವಿದ್ವಾಂಸರು 1935ರಲ್ಲಿ ಪ್ರಕಟಿಸಿದ ಒಂದು ನಕ್ಷೆ ಹಾಗಲ್ಲವೆಂದು ತೋರಿಸಿತು. ಎಲ್ಲಕ್ಕಿಂತ ಸುಲಭವಾಗಿ ಏಳುವುದು ಕಾಲು ಮಿಲಿಮೀಟರಿನಿಂದ ಅರ್ಧ ಮಿಲಿಮೀಟರಿನವರೆಗಿನ ಸಾಧಾರಣ ಮರಳು. ಅದಕ್ಕಿಂತ ದೊಡ್ಡ ಕಲ್ಲನ್ನು ಎಬ್ಬಿಸಲು ಹೆಚ್ಚು ವೇಗ ಬೇಕು. ಅದು ಯಾರಿಗೂ ತಿಳಿದದ್ದೇ. ಆದರೆ ಅದಕ್ಕಿಂತ ಸಣ್ಣದಾದ ಜೇಡಿಯನ್ನು ಎಬ್ಬಿಸಲೂ ಹೆಚ್ಚು ವೇಗ ಬೇಕು. ಏಕೆಂದರೆ ಜೇಡಿಯ ಕಣಗಳು ಒಂದನ್ನೊಂದು ಅಂಟಿಕೊಂಡು ಒಕ್ಕಲಾಗಿ ಕೂತಿರುತ್ತವೆ. ಒಮ್ಮೆ ಆ ಅಂಟು ಬಿಟ್ಟು ಎದ್ದವೋ, ಮತ್ತೆ ಇಳಿಯುವ ಮಾತಿಲ್ಲ. ತೀರ ಮೆಲ್ಲಗೆ ಹರಿಯುವ ನೀರು ಕೂಡ ಅವುಗಳನ್ನು ನೂರಾರು ಮೈಲಿ ಹೊತ್ತೊಯ್ಯುತ್ತದೆ. ಕೂತಿರುವಾಗ ಕದಲಿಸಲು ಕಷ್ಟ, ಎದ್ದ ಮೇಲೆ ಕೂರಿಸಲು ಕಷ್ಟ. ಮಣ್ಣಿನ ಈ ಒಂದು ಸ್ವಭಾವದಲ್ಲಿ ನಮ್ಮ ಜಲಾಶಯಗಳ ರೋಗವೂ ಇದೆ, ಅದರ ಮದ್ದೂ ಇದೆ.

ರೋಗವನ್ನು ಮೊದಲು ನೋಡೋಣ. ಗಂಗಾಮೂಲದಲ್ಲಿ ಹುಟ್ಟಿ ಕೂಡಲಿಯಲ್ಲಿ ಒಂದಾಗುವ ತುಂಗೆ ಭದ್ರೆಯರು, ಮುಂದೆ ವರದೆಯನ್ನೂ ಹತ್ತಾರು ಹಳ್ಳಗಳನ್ನೂ ಕೂಡಿಕೊಂಡು ಹೊಸಪೇಟೆಯ ಜಲಾಶಯಕ್ಕೆ ಬರುತ್ತಾರೆ. ದಾರಿಯಲ್ಲಿ ಶಿವಮೊಗ್ಗೆಯ ಕೆಮ್ಮಣ್ಣು, ದಾವಣಗೆರೆ ಹಾವೇರಿಗಳ ಎರೆಮಣ್ಣು ಎಲ್ಲವೂ ಜೊತೆಗೂಡುತ್ತವೆ. ಹರಿವ ನೀರು ಹಿನ್ನೀರನ್ನು ಮುಟ್ಟಿದೊಡನೆ ವೇಗ ಕುಂದುತ್ತದೆ. ಕುಪ್ಪಳಿಸುತ್ತ ಬಂದ ಮರಳು ಬಾಗಿಲಲ್ಲೇ ಕುಸಿದು ದಿಬ್ಬವಾಗುತ್ತದೆ. ಗೋಡು ಇನ್ನಷ್ಟು ಮುಂದೆ ಹೋಗಿ ಇಳಿಯುತ್ತದೆ. ಜೇಡಿ ಅಣೆಕಟ್ಟಿನ ಗೋಡೆಯವರೆಗೂ ಹೋಗಿ, ತಿಂಗಳುಗಟ್ಟಲೆ ನಿಂತ ನೀರಿನಲ್ಲಿ ಕೊನೆಗೆ ತಳ ಸೇರುತ್ತದೆ. ನನ್ನ ಜಾಡಿಯಲ್ಲಿ ನಡೆದದ್ದೇ ಅಲ್ಲಿಯೂ ನಡೆಯುತ್ತದೆ. ಜಾಡಿಯನ್ನು ಚೆಲ್ಲಿ ತೊಳೆಯಬಹುದು, ಜಲಾಶಯವನ್ನು ಹಾಗೆ ತೊಳೆಯಲಾಗುವುದಿಲ್ಲ ಎಂಬುದೊಂದೇ ವ್ಯತ್ಯಾಸ.

ಹೂಳನ್ನು ಎತ್ತಿಸಿಬಿಡಬಹುದೆಂದು ಸಭೆಗಳಲ್ಲಿ ಸುಲಭವಾಗಿ ಹೇಳುವವರಿದ್ದಾರೆ. ಅವರು ಒಮ್ಮೆ ಲೆಕ್ಕ ಹಾಕಿ ನೋಡಬೇಕು. 27 ಟಿಎಂಸಿ ಎಂದರೆ ಸುಮಾರು 76 ಕೋಟಿ ಘನ ಮೀಟರ್. ಒಂದು ಲಾರಿಗೆ 10 ಘನ ಮೀಟರ್ ಹಿಡಿಸಿದರೆ 7 ಕೋಟಿ 60 ಲಕ್ಷ ಲಾರಿಯ ಮಣ್ಣು. ದಿನಕ್ಕೆ ಒಂದು ಸಾವಿರ ಲಾರಿ, ವರ್ಷದಲ್ಲಿ ಒಂದು ದಿನವೂ ಬಿಡುವಿಲ್ಲದೆ ಹೊತ್ತರೂ ಇನ್ನೂರು ವರ್ಷಗಳಿಗೆ ಮೀರಿದ ಕೆಲಸ. ಅಷ್ಟರಲ್ಲಿ ಹೊಳೆ ಸುಮ್ಮನಿರುತ್ತದೆಯೇ? 63 ವರ್ಷಗಳಲ್ಲಿ ತುಂಬಿದ್ದನ್ನು ಸರಾಸರಿ ಹಿಡಿದರೆ ವರ್ಷಕ್ಕೆ ಹನ್ನೆರಡು ಲಕ್ಷ ಲಾರಿಯಷ್ಟು ಹೊಸ ಮಣ್ಣು ಬಂದಂತಾಯಿತು. ದಿನಕ್ಕೆ ಮೂರು ಸಾವಿರದ ಮುನ್ನೂರು ಲಾರಿ ಹೊತ್ತರೆ, ಇದ್ದ ಸ್ಥಿತಿ ಇದ್ದಂತೆ ಉಳಿದೀತು, ಅಷ್ಟೆ! ಕೆಲವು ವರ್ಷಗಳ ಹಿಂದೆ ಅಚ್ಚುಕಟ್ಟಿನ ರೈತರು ತಾವೇ ಮುಂದಾಗಿ ಹೂಳೆತ್ತಲು ಹೊರಟರು. ಅವರ ಸಂಕಟಕ್ಕೂ ಸ್ವಾಭಿಮಾನಕ್ಕೂ ನಾನು ತಲೆಬಾಗುತ್ತೇನೆ. ಆದರೆ ಅದು ಸಮಸ್ಯೆಯನ್ನು ನಾಡಿನ ಕಣ್ಣಿಗೆ ತೋರಿಸುವ ಕೆಲಸವೇ ಹೊರತು ಸಮಸ್ಯೆಯನ್ನು ಬಗೆಹರಿಸುವ ಕೆಲಸವಲ್ಲ.

ನಷ್ಟವಾದ ನೀರಿಗೆ ಬದಲಾಗಿ ಕೊಪ್ಪಳ ಜಿಲ್ಲೆಯ ನವಲಿಯ ಬಳಿ ಸಮತೋಲನ ಜಲಾಶಯವೊಂದನ್ನು ಕಟ್ಟುವ ಪ್ರಸ್ತಾವವೂ ಇದೆ. ಅದರ ಸಾಧಕ ಬಾಧಕಗಳನ್ನು ಎಂಜಿನಿಯರರು ಹೇಳಬೇಕು. ನಾನು ಹೇಳತಕ್ಕದ್ದು ಇಷ್ಟೆ: ಹಳೆಯ ಪಾತ್ರೆ ತುಂಬಿಹೋಯಿತೆಂದು ಹೊಸ ಪಾತ್ರೆ ತರುವವನು, ಅದನ್ನು ತುಂಬಿದ್ದು ಏನೆಂದು ಒಮ್ಮೆ ಕೇಳಿಕೊಳ್ಳಬೇಡವೇ?

ನಮ್ಮ ಹಿರಿಯರು ಈ ಪ್ರಶ್ನೆಯನ್ನು ಕೇಳಿಕೊಂಡಿದ್ದರೆಂಬುದಕ್ಕೆ ಭಾಷೆಯೇ ಸಾಕ್ಷಿ. ‘ಹೂಳು’ ಎಂಬ ಶಬ್ದ ನಮ್ಮಲ್ಲಿ ನಾಮಪದವೂ ಹೌದು, ಕ್ರಿಯಾಪದವೂ ಹೌದು. ಕೆರೆಯನ್ನು ತುಂಬಿದ ಮಣ್ಣಿಗೆ ಹೂಳೆನ್ನುವಾಗ, ಅದು ಕೆರೆಯನ್ನು ಹೂಳುತ್ತಿದೆಯೆಂಬ ಎಚ್ಚರಿಕೆ ಆ ಮಾತಿನಲ್ಲೇ ಇದೆ. ಅದೇ ಮಣ್ಣನ್ನು ಬಂಡಿಯಲ್ಲಿ ಹೇರಿ ಹೊಲಕ್ಕೆ ಚೆಲ್ಲಿದಾಗ ನಮ್ಮ ರೈತ ಅದನ್ನು ಹೂಳೆನ್ನುವುದಿಲ್ಲ, ಗೋಡು ಎನ್ನುತ್ತಾನೆ. ಹೊಳೆ ತಾನಾಗಿ ದಡದ ಮೇಲೆ ಹರಡಿದರೆ ಮೆಕ್ಕಲು ಎನ್ನುತ್ತಾನೆ. ವಸ್ತು ಒಂದೇ, ಇರಬಾರದ ಜಾಗದಲ್ಲಿದ್ದರೆ ಹೂಳು, ಇರಬೇಕಾದ ಜಾಗದಲ್ಲಿದ್ದರೆ ಗೊಬ್ಬರ. ಶಾಸನಗಳನ್ನು ಓದುವ ವಿದ್ಯಾರ್ಥಿಗಳು ‘ಬಿತ್ತುವಟ್ಟ’ ಎಂಬ ಮಾತನ್ನು ಮೇಲಿಂದ ಮೇಲೆ ಕಾಣುತ್ತಾರೆ. ಕೆರೆಯ ನಿರ್ವಹಣೆಗಾಗಿ ಬಿಟ್ಟ ಭೂಮಿ ಅದು. ಕೆರೆಯ ಮಣ್ಣನ್ನು ಹೊರುವ ಬಂಡಿಗಳಿಗೆಂದು ದತ್ತಿ ಬಿಟ್ಟ ಉದಾಹರಣೆಗಳೂ ಇವೆ. ಕೆರೆ ಕಟ್ಟಿಸಿದವನಿಗೆ ಪುಣ್ಯ ಬರುತ್ತದೆಂದು ನಂಬಿದ್ದ ಆ ಜನ, ಕಟ್ಟಿದ ಮರುದಿನದಿಂದಲೇ ಅದಕ್ಕೆ ಮಣ್ಣು ಬರುತ್ತದೆಂಬುದನ್ನೂ ಬಲ್ಲವರಾಗಿದ್ದರು. ಕಟ್ಟುವ ದಿನವೇ ಎತ್ತುವ ಏರ್ಪಾಡನ್ನೂ ಮಾಡುತ್ತಿದ್ದರು. ನಾವು ಶಂಕುಸ್ಥಾಪನೆಯ ಕಲ್ಲನ್ನು ಮಾತ್ರ ನಿಲ್ಲಿಸುತ್ತೇವೆ.

ಅಣೆಕಟ್ಟಿನಿಂದ ಸ್ವಲ್ಪವೇ ಕೆಳಗೆ, ಹಂಪೆಯ ಸುತ್ತ, ವಿಜಯನಗರದ ಅರಸರ ಕಾಲದ ಕಾಲುವೆಗಳು ಇಂದಿಗೂ ಹರಿಯುತ್ತಿವೆ. ಅವರು ಹೊಳೆಗೆ ಅಡ್ಡವಾಗಿ ತಗ್ಗಾದ ಕಲ್ಲಿನ ಒಡ್ಡುಗಳನ್ನು ಹಾಕಿ, ಬೇಕಾದಷ್ಟು ನೀರನ್ನು ಕಾಲುವೆಗೆ ತಿರುಗಿಸಿಕೊಂಡರು. ನೆರೆ ಬಂದಾಗ ನೀರು ಒಡ್ಡನ್ನು ಹತ್ತಿ ದಾಟಿಹೋಗುತ್ತಿತ್ತು. ಅದರೊಡನೆ ಮಣ್ಣಿನ ಬಹುಪಾಲೂ ತನ್ನ ದಾರಿ ಹಿಡಿಯುತ್ತಿತ್ತು. ಇದನ್ನು ಹೇಳಿ ದೊಡ್ಡ ಅಣೆಕಟ್ಟನ್ನು ಹಳಿಯುವುದು ನನ್ನ ಉದ್ದೇಶವಲ್ಲ. ಆ ಒಡ್ಡುಗಳು ದಡದ ಕೆಲವು ಊರುಗಳಿಗೆ ನೀರುಣಿಸಿದವು. ಈ ಅಣೆಕಟ್ಟು ಬರಗಾಲದ ಬಾಯಲ್ಲಿದ್ದ ಜಿಲ್ಲೆಗಳಿಗೆ ಅನ್ನ ಕೊಟ್ಟಿದೆ. ಅನ್ನ ಕೊಟ್ಟದ್ದನ್ನು ಕಾಪಾಡಿಕೊಳ್ಳಬೇಕೆಂದೇ ಈ ಮಾತು.

ಮಣ್ಣು ಮೇಲೆ ನಿಂತರೆ ಕೆಳಗಿನವರಿಗೂ ನಷ್ಟವಿದೆ. ಮಣ್ಣನ್ನು ಬಿಟ್ಟು ಬರಿದಾಗಿ ಹೊರಬಿದ್ದ ತಿಳಿನೀರು ಕೆಳಗಿನ ಪಾತ್ರವನ್ನೂ ದಡವನ್ನೂ ಕೊರೆಯುತ್ತದೆ. ಹೊರುವ ಶಕ್ತಿಯಿದ್ದು ಹೊರೆಯಿಲ್ಲದ ಇಂಥ ನೀರನ್ನು ತಜ್ಞರು ಹಸಿದ ನೀರೆಂದೇ ಕರೆಯುತ್ತಾರೆ. ತುಂಗಭದ್ರೆ ಸೇರುವ ಕೃಷ್ಣೆಯ ಮೇಲೆಯೂ ಹಲವು ಅಣೆಕಟ್ಟುಗಳಿವೆ. ಕಡಲಿಗೆ ಮುಟ್ಟುವ ಮಣ್ಣು ಬಹಳ ಕಡಿಮೆಯಾಗಿ, ಸಾವಿರಾರು ವರ್ಷ ಬೆಳೆಯುತ್ತ ಬಂದ ಕೃಷ್ಣಾ ಮುಖಜಭೂಮಿಯ ಅಂಚು ಇಂದು ಅಲ್ಲಲ್ಲಿ ಸವೆಯುತ್ತಿದೆ. ನಮ್ಮಲ್ಲಿ ಮಣ್ಣು ಹೆಚ್ಚಾಗಿ ತೊಂದರೆ, ಅಲ್ಲಿ ಮಣ್ಣಿಲ್ಲದೆ ತೊಂದರೆ.

ಹಾಗಾದರೆ ಮದ್ದೇನು? ಚೀನಾ ದೇಶದ ಹಳದಿ ನದಿಯ ಮೇಲೆ 1960ರಲ್ಲಿ ಸಾನ್‌ಮೆನ್‌ಶಿಯಾ ಎಂಬ ಅಣೆಕಟ್ಟು ಮುಗಿಯಿತು. ಕೆಲವೇ ವರ್ಷಗಳಲ್ಲಿ ಅದು ಎಷ್ಟು ಹೂಳು ತುಂಬಿಕೊಂಡಿತೆಂದರೆ, ಕಟ್ಟಿದ ಅಣೆಕಟ್ಟನ್ನೇ ಮಾರ್ಪಡಿಸಿ ಹೂಳು ಹೊರಹೋಗಲು ದಾರಿಗಳನ್ನು ತೆರೆಯಬೇಕಾಯಿತು. ಅಲ್ಲಿಂದ ಮುಂದೆ ನೆರೆಯ ಕಾಲದ ಕೆಸರುನೀರನ್ನು ಹೊರಬಿಟ್ಟು, ನೆರೆ ಇಳಿದ ಮೇಲಿನ ತಿಳಿನೀರನ್ನು ಹಿಡಿದಿಡುವ ಪದ್ಧತಿ ಬಂತು. ಇಂಥ ಉಪಾಯ ನಮ್ಮ ಜಲಾಶಯಗಳಿಗೆ ಎಷ್ಟರಮಟ್ಟಿಗೆ ಹೊಂದುತ್ತದೆಂಬುದನ್ನು ಬಲ್ಲವರು ಪರೀಕ್ಷಿಸಲಿ. ಆದರೆ ಅದು ಎದ್ದ ಮಣ್ಣಿನ ಮದ್ದು. ಏಳುವ ಮುಂಚಿನ ಮದ್ದು ಬೇರೆಯಿದೆ. ಅಗ್ಗವೂ ಸ್ಥಿರವೂ ಆದದ್ದು ಅದೇ.

ಜೇಡಿಗೆ ತನ್ನದೇ ಆದ ಅಂಟಿದೆಯೆಂದು ಹೇಳಿದೆನಷ್ಟೆ. ಆ ಅಂಟನ್ನು ಬಿಡಿಸುವವರು ನಾವು. ಗುಡ್ಡದ ಮರ ಕಡಿದು, ಇಳಿಜಾರಿಗೆ ಎದುರಾಗಿ ಹೂಡುವ ಬದಲು ಇಳಿಜಾರಿನ ಜೊತೆಗೇ ಉತ್ತು, ಬದುಗಳನ್ನು ಮೊಳ ಭೂಮಿಯ ಆಸೆಗೆ ಕಿತ್ತು, ಹುಲ್ಲುಗಾವಲನ್ನು ಬಯಲು ಮಾಡಿ, ಮುಂಗಾರಿನ ಮೊದಲ ಹನಿಗೆ ಬೆತ್ತಲೆ ನೆಲವನ್ನು ಒಡ್ಡುತ್ತೇವೆ. ಬೀಳುವ ಹನಿಯ ಪೆಟ್ಟಿಗೆ ಹೆಂಟೆ ಒಡೆದು ಕಣ ಕಣವಾಗುತ್ತದೆ. ಅಲ್ಲಿಂದ ಮುಂದಿನದನ್ನು ತಡೆಯುವವರಿಲ್ಲ. ಬೇರೊಂದು ಹಿಡಿದಿದ್ದರೆ, ಬದುವೊಂದು ನಿಲ್ಲಿಸಿದ್ದರೆ, ಊರ ಕೆರೆಯೊಂದು ತಡೆದಿದ್ದರೆ ಅದು ಊರಿನಲ್ಲೇ ಉಳಿದು ಮತ್ತೆ ಹೊಲಕ್ಕೆ ಹೋಗುತ್ತಿತ್ತು. ಕೆರೆಗಳನ್ನು ಕೈಬಿಟ್ಟ ದಿನ ನಾವು ಹೊಳೆಯ ಜರಡಿಗಳನ್ನೇ ಕಿತ್ತೆಸೆದಂತಾಯಿತು.

ಸವೆತ ನಿಸರ್ಗದ ನಿಯಮ, ಬೆಟ್ಟ ಕರಗಿಯೇ ಬಯಲಾಗಿದೆ, ಅದನ್ನು ತಡೆಯಲು ನೀವು ಯಾರು ಎಂದು ಕೇಳುವವರಿರಬಹುದು. ಬೆಟ್ಟ ಕರಗುವುದು ನಿಸರ್ಗದ ನಿಯಮವೆಂಬುದರಲ್ಲಿ ಸಂದೇಹವಿಲ್ಲ. ಹೊಲ ಕರಗುವುದು ನಮ್ಮ ಅಲಕ್ಷ್ಯ. ಹೊಳೆ ತನ್ನ ಪಾಲಿನ ಮಣ್ಣನ್ನು ಒಯ್ಯಲಿ. ಕಡಲಂಚಿಗೆ ಅದು ಬೇಕು. ನಮ್ಮ ಅಜಾಗರೂಕತೆಯ ಪಾಲನ್ನು ಅದರ ಹೆಗಲಿಗೆ ಹೇರಬಾರದು.

ಇದಕ್ಕೆ ಮೊದಲ ಹೆಜ್ಜೆಯಾಗಿ ಒಂದು ಸಣ್ಣ ಸೂಚನೆಯನ್ನು ಮುಂದಿಡುತ್ತೇನೆ. ಮಳೆಗಾಲದಲ್ಲಿ ಪತ್ರಿಕೆಗಳು ದಿನವೂ ಜಲಾಶಯಗಳ ಒಳಹರಿವು, ಹೊರಹರಿವು, ನೀರಿನ ಮಟ್ಟಗಳನ್ನು ಅಚ್ಚುಹಾಕುತ್ತವೆ. ಅವುಗಳ ಪಕ್ಕದಲ್ಲಿ ಆ ನೀರು ಹೊತ್ತು ತಂದ ಮಣ್ಣಿನ ಲೆಕ್ಕವನ್ನೂ ವರ್ಷಕ್ಕೊಮ್ಮೆಯಾದರೂ ಅಚ್ಚುಹಾಕಲಿ. ಜಲಾಶಯದ ಹೂಳನ್ನು ಅಳೆಯುವುದು ಸುಲಭವಲ್ಲ. ತುಂಗಭದ್ರೆಯಲ್ಲಿಯೇ 2008ರ ಅಳತೆ 100.86 ಟಿಎಂಸಿ ಎಂದಿತು, 2016ರದು 105.79 ಎಂದಿತು. ಮಣ್ಣು ತಾನಾಗಿ ಎದ್ದು ಹೋಗುವುದಿಲ್ಲವಾದ್ದರಿಂದ ವ್ಯತ್ಯಾಸ ಅಳೆಯುವ ಕ್ರಮದ್ದೆಂದೇ ಹೇಳಬೇಕು. ಇಂಥ ವ್ಯತ್ಯಾಸವಿರುವುದರಿಂದಲೇ ಅಳತೆ ಮತ್ತೆ ಮತ್ತೆ ಆಗಬೇಕು, ಎಲ್ಲರ ಕಣ್ಣೆದುರು ಆಗಬೇಕು. ಎರಡು ರಾಜ್ಯಗಳು ನೀರಿಗಾಗಿ ವಾದ ಹೂಡುವಾಗ ಹನಿಹನಿಯ ಲೆಕ್ಕ ಕೇಳುತ್ತವೆ. ಪಾತ್ರೆಯೇ ಚಿಕ್ಕದಾಗುತ್ತಿರುವಾಗ ಪಾಲಿನ ಜಗಳದಲ್ಲಿ ಗೆದ್ದವನಿಗೂ ಸಿಗುವುದು ಕಡಿಮೆಯೇ.

ಕನ್ನಡದಲ್ಲಿ ‘ಮರಳು’ ಎಂದರೆ ಹೊಳೆಯ ಕಣವೂ ಹೌದು, ಹಿಂದಿರುಗು ಎಂಬ ಕ್ರಿಯೆಯೂ ಹೌದು. ಎರಡಕ್ಕೂ ಮೂಲ ಒಂದೇ ಎಂದು ಹೇಳಲು ನಾನು ಹೊರಟಿಲ್ಲ. ಆದರೆ ಸೇತುವೆಯ ಮೇಲೆ ನಿಂತಾಗಲೆಲ್ಲ ಆ ಶಬ್ದ ನನ್ನನ್ನು ಕಾಡುತ್ತದೆ. ಹೋದ ನೀರು ಮುಗಿಲಾಗಿ ಮರಳುತ್ತದೆ; ಹೋದ ಮರಳು ಮರಳುವುದಿಲ್ಲ.

ಅಂದಿನ ಜಾಡಿಯ ನೀರು ಎರಡು ವಾರ ಕಳೆದ ಮೇಲೆ ತಿಳಿಯಾಯಿತು. ತಳದಲ್ಲಿ ಒಂದು ಬೆರಳಿನಷ್ಟು ದಪ್ಪ ಕೆಮ್ಮಣ್ಣು ನಿಂತಿತ್ತು. ನೀರನ್ನು ಬಸಿದು, ಆ ಮಣ್ಣನ್ನು ಕೊಠಡಿ ಗುಡಿಸುವಾತನ ಕೈಗೆ ಕೊಟ್ಟೆ. ಆತ ಅದನ್ನು ಬೆರಳುಗಳ ನಡುವೆ ಉಜ್ಜಿ ನೋಡಿ, “ಚಲೋ ಮಣ್ಣು ಐತ್ರಿ ಸರ, ಯಾರದೋ ಹೊಲದ್ದು” ಎಂದು ಹೇಳಿ ಕಾಲೇಜಿನ ಅಂಗಳದ ದಾಸವಾಳದ ಬುಡಕ್ಕೆ ಹಾಕಿದ.